ತಕ್ಕಡಿಯ ಮುಂದೆ ಜಟ್ಟಿ: ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಅರ್ಹತೆ ಮತ್ತು ಆರೋಗ್ಯ

ಕುಸ್ತಿಯೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಗರಡಿಮನೆಯ ಕೆಮ್ಮಣ್ಣು, ಗೋಡೆಗೆ ಒರಗಿಸಿದ ಗದೆ, ಮೈಸೂರು ದಸರೆಯ ಕುಸ್ತಿಯ ಕಣ. ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದವನು. ಅಲ್ಲಿಗೆ ಲೆಕ್ಕ ಚುಕ್ತ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಾದರೋ ಈ ಕ್ರೀಡೆ ಬೇರೊಂದು ಸ್ವರೂಪವನ್ನು ತಾಳಿದೆ. ಅಲ್ಲಿ ಒಂದು ತಂಡದ ಪ್ರಗತಿಯನ್ನು ಅಳೆಯಬೇಕಾದರೆ ಪಟ್ಟುಗಳ ಜೊತೆಗೆ ಅಂಕಗಳನ್ನೂ, ಅಂಕಗಳ ಜೊತೆಗೆ ತಕ್ಕಡಿಯ ಮುಳ್ಳನ್ನೂ ಗಮನಿಸಬೇಕಾಗುತ್ತದೆ. ತಕ್ಕಡಿಯ ಈ ಕಥೆಯಲ್ಲಿ ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ಕಠಿಣವಾದ ಪಾಠವೂ ಅಡಗಿದೆ.

ಅರ್ಹತೆಯ ಹಾದಿ

ಕುಸ್ತಿಯ ಋತು ನವೆಂಬರಿನಲ್ಲಿ ಮೊದಲಾಗಿ ಮಾರ್ಚಿನಲ್ಲಿ ಮುಗಿಯುತ್ತದೆ. ಎನ್.ಸಿ.ಎ.ಎ. ಎಂಬ ಸಂಸ್ಥೆಯ ಪ್ರಥಮ ವಿಭಾಗದ ಪುರುಷರ ಕುಸ್ತಿಯಲ್ಲಿ ಹತ್ತು ತೂಕದ ವರ್ಗಗಳಿವೆ. ಅತ್ಯಂತ ಕೆಳಗಿನದು 125 ಪೌಂಡ್, ಅಂದರೆ ಸುಮಾರು 57 ಕಿಲೋ. ಮೇಲಿನದು 285 ಪೌಂಡ್, ಅಂದರೆ ಸುಮಾರು 129 ಕಿಲೋ. ಎರಡು ಕಾಲೇಜುಗಳು ಪರಸ್ಪರ ಸೆಣಸುವಾಗ ಪ್ರತಿ ವರ್ಗದಲ್ಲಿಯೂ ಒಬ್ಬೊಬ್ಬನು ಕಣಕ್ಕಿಳಿಯುತ್ತಾನೆ. ಪಂದ್ಯದ ಅವಧಿ ಏಳು ನಿಮಿಷ. ಎದುರಾಳಿಯನ್ನು ನೆಲಕ್ಕೆ ಕೆಡವಿ ಹತೋಟಿಗೆ ತಂದರೆ 2023-24ರ ಋತುವಿನಿಂದ ಮೂರು ಅಂಕ. ಅದಕ್ಕೆ ಮೊದಲು ಎರಡೇ ಅಂಕವಿದ್ದಿತು.

ತಂಡದ ಖಾತೆಗೆ ಸಲ್ಲುವ ಅಂಕಗಳು ಬೇರೆ. ಸಾಧಾರಣ ಗೆಲುವಿಗೆ 3, ಎಂಟು ಅಥವಾ ಹೆಚ್ಚಿನ ಅಂತರದ ಗೆಲುವಿಗೆ 4, ಅಂತರವು ಹದಿನೈದಕ್ಕೇರಿ ಪಂದ್ಯವೇ ನಿಂತರೆ 5, ಚಿತ್ ಮಾಡಿದರೆ 6. ಆದುದರಿಂದ ಸೋಲುವುದು ಖಚಿತವಾದಾಗಲೂ ಚಿತ್ ಆಗದೆ ಕೊನೆಯವರೆಗೆ ಸೆಣಸಿದ ಹುಡುಗ ತನ್ನ ತಂಡಕ್ಕೆ ಮೂರು ಅಂಕಗಳ ನಷ್ಟವನ್ನು ತಪ್ಪಿಸಬಲ್ಲನು.

ಇಷ್ಟಾದರೂ ಇಂತಹ ಗೆಲುವುಗಳಿಂದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಪ್ರವೇಶ ದೊರೆಯುವುದಿಲ್ಲ. ಅಲ್ಲಿಗೆ ಅರ್ಹತೆ ಪಡೆಯುವುದು ತಂಡವಲ್ಲ, ಒಬ್ಬೊಬ್ಬ ಜಟ್ಟಿ. ಪ್ರತಿ ವರ್ಗಕ್ಕೆ 33 ಮಂದಿಯಂತೆ ಒಟ್ಟು 330 ಸ್ಥಾನಗಳು. ಮಾರ್ಚ್ ತಿಂಗಳ ಆರಂಭದಲ್ಲಿ ಕಾಲೇಜುಗಳ ಒಕ್ಕೂಟಗಳು ತಮ್ಮ ತಮ್ಮ ಪಂದ್ಯಾವಳಿಗಳನ್ನು ನಡೆಸುತ್ತವೆ. ಯಾವ ಒಕ್ಕೂಟಕ್ಕೆ ಯಾವ ವರ್ಗದಲ್ಲಿ ಎಷ್ಟು ಸ್ಥಾನವೆಂಬುದು ಅದರ ಜಟ್ಟಿಗಳು ಇಡೀ ಋತುವಿನಲ್ಲಿ ತೋರಿದ ಸಾಮರ್ಥ್ಯವನ್ನು ಅವಲಂಬಿಸಿದೆ: ಗೆಲುವಿನ ಪ್ರಮಾಣ, ಎದುರಾಳಿಗಳ ಬಲ, ತರಬೇತುದಾರರು ನೀಡುವ ಶ್ರೇಣಿ. ಉಳಿದ ಕೆಲವು ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. ಗಾಯದಿಂದಲೋ ಬೇನೆಯಿಂದಲೋ ಒಕ್ಕೂಟದ ಕಣದಲ್ಲಿ ಹಿಂದೆ ಬಿದ್ದವನಿಗೆ ಈ ಸಮಿತಿಯೇ ಕೊನೆಯ ಆಸರೆ.

ಹೀಗೆ ಅರ್ಹರಾದವರು ಗಳಿಸಿದ ಅಂಕಗಳ ಮೊತ್ತವೇ ತಂಡದ ಭವಿಷ್ಯವನ್ನು ನಿರ್ಧರಿಸುತ್ತದೆ. ಪ್ರತಿ ವರ್ಗದಲ್ಲಿಯೂ ಮೊದಲ ಎಂಟು ಸ್ಥಾನಗಳಿಗೆ ಅಂಕಗಳುಂಟು: ಪ್ರಥಮನಿಗೆ 16, ದ್ವಿತೀಯನಿಗೆ 12, ಹೀಗೆ ಇಳಿಯುತ್ತಾ ಎಂಟನೆಯವನಿಗೆ 3. 2001ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಒಬ್ಬ ಜಟ್ಟಿಯೂ ಪ್ರಥಮನಾಗಲಿಲ್ಲ. ಆದರೆ ಹತ್ತು ಮಂದಿಯೂ ಮೊದಲ ಎಂಟರೊಳಗೆ ನಿಂತು ಪ್ರಶಸ್ತಿಯನ್ನು ತಂದರು. 2025ರಲ್ಲಿ ಪೆನ್ ಸ್ಟೇಟ್ ತಂಡದ ಹತ್ತು ಮಂದಿಯೂ ಇದೇ ಗೌರವಕ್ಕೆ ಪಾತ್ರರಾದರು. ತಂಡವು 177 ಅಂಕಗಳನ್ನು ಗಳಿಸಿ, ಹಿಂದಿನ ವರ್ಷದ ತನ್ನದೇ 172.5ರ ದಾಖಲೆಯನ್ನು ಮುರಿಯಿತು. ಒಬ್ಬಿಬ್ಬರು ಮಹಾಮಲ್ಲರಿಗಿಂತ ಹತ್ತು ಮಂದಿ ಗಟ್ಟಿಗರು ಮೇಲೆಂಬುದಕ್ಕೆ ಇವು ನಿದರ್ಶನಗಳು.

ಆದುದರಿಂದ ತಂಡವೊಂದರ ಸಾಧ್ಯತೆಯನ್ನು ಅಳೆಯುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹತ್ತರಲ್ಲಿ ಎಷ್ಟು ಮಂದಿ ಒಕ್ಕೂಟದ ಮುಂಚೂಣಿಯಲ್ಲಿದ್ದಾರೆ? ಒಬ್ಬನು ಗಾಯಗೊಂಡರೆ ಅವನ ಸ್ಥಾನಕ್ಕೆ ತಕ್ಕವನು ಸಿದ್ಧನಿದ್ದಾನೆಯೇ? ಆಯ್ದ ತೂಕದಲ್ಲಿ ಪ್ರತಿಯೊಬ್ಬನೂ ಮಾರ್ಚಿನವರೆಗೆ ಆರೋಗ್ಯದಿಂದ ಉಳಿಯಬಲ್ಲನೇ? ಮೊದಲೆರಡಕ್ಕೂ ಬುಡವಾಗಿರುವುದು ಈ ಮೂರನೆಯದು.

ತೂಕವೆಂಬ ಸಾಲ

ಕೆಳಗಿನ ವರ್ಗಕ್ಕೆ ಇಳಿದರೆ ತನಗಿಂತ ಸಣ್ಣ ಮೈಕಟ್ಟಿನ ಎದುರಾಳಿ ಸಿಗುತ್ತಾನೆಂಬ ಆಸೆ ಎಲ್ಲ ಜಟ್ಟಿಗಳಿಗೂ ಸಹಜ. ಅದಕ್ಕೆ ಅವಸರದ ದಾರಿಯೆಂದರೆ ನೀರನ್ನು ಕಳೆಯುವುದು. ಒಂದು ಲೀಟರ್ ಬೆವರು ಹರಿದರೆ ತಕ್ಕಡಿಯಲ್ಲಿ ಒಂದು ಕಿಲೋ ಇಳಿಯುತ್ತದೆ. ಆದರೆ ಇದು ದೇಹದಿಂದ ಪಡೆದ ಸಾಲವೇ ಹೊರತು ಗಳಿಕೆಯಲ್ಲ. ನೀರು ಕಡಮೆಯಾದಂತೆ ರಕ್ತದ ಪ್ರಮಾಣ ತಗ್ಗುತ್ತದೆ. ಹೃದಯ ಹೆಚ್ಚು ವೇಗದಿಂದ ಬಡಿದುಕೊಳ್ಳಬೇಕಾಗುತ್ತದೆ. ಬೆವರಿ ತಣಿಯುವ ಶಕ್ತಿ ಕುಂದಿ ಮೈಯ ಉಷ್ಣತೆ ಏರುತ್ತದೆ. ಮೂತ್ರಪಿಂಡಗಳಿಗೂ ಪೆಟ್ಟು ಬೀಳುತ್ತದೆ.

ಈ ಸಾಲದ ವಸೂಲಿ ಎಷ್ಟು ಕ್ರೂರವೆಂಬುದನ್ನು 1997ರ ಚಳಿಗಾಲ ತೋರಿಸಿತು. ನವೆಂಬರ್ 7ರಿಂದ ಡಿಸೆಂಬರ್ 9ರೊಳಗೆ ಉತ್ತರ ಕ್ಯಾರೊಲಿನಾ, ವಿಸ್ಕಾನ್ಸಿನ್ ಮತ್ತು ಮಿಷಿಗನ್ ರಾಜ್ಯಗಳಲ್ಲಿ ಮೂವರು ಕಾಲೇಜು ಜಟ್ಟಿಗಳು ತೂಕ ಇಳಿಸುವ ಯತ್ನದಲ್ಲಿಯೇ ಪ್ರಾಣ ಬಿಟ್ಟರು. ಬೆವರು ಆರಗೊಡದ ಉಡುಪು ತೊಟ್ಟು, ನೀರು ಬಿಟ್ಟು, ಬಿಸಿ ವಾತಾವರಣದಲ್ಲಿ ವ್ಯಾಯಾಮ ಮಾಡಿದ್ದೇ ಅವರಿಗೆ ಮುಳುವಾಯಿತು. ಮೂವರೂ ಹರೆಯದ ದೃಢಕಾಯರು.

1998ರ ಜನವರಿಯಲ್ಲಿಯೇ ನಿಯಮಗಳು ಬಿಗಿಯಾದವು. ರಬ್ಬರ್ ಉಡುಪು, ಬಿಸಿಹಬೆಯ ಕೋಣೆ, ಮೂತ್ರ ಹೆಚ್ಚಿಸುವ ಔಷಧ ಇವೆಲ್ಲ ನಿಷಿದ್ಧವಾದವು. ಹಿಂದಿನ ದಿನವೇ ತೂಗಿಸಿಕೊಂಡು ರಾತ್ರಿಯೆಲ್ಲ ಉಂಡು ಕುಡಿದು ಚೇತರಿಸಿಕೊಳ್ಳುವ ಅವಕಾಶ ತಪ್ಪಿ, ಪಂದ್ಯಕ್ಕೆ ಕೆಲವೇ ಸಮಯದ ಮೊದಲು ತೂಗುವ ಕ್ರಮ ಬಂದಿತು. ಮುಂದೆ ಋತುವಿನ ಆರಂಭದಲ್ಲಿಯೇ ಪ್ರತಿಯೊಬ್ಬನ ಕನಿಷ್ಠ ತೂಕವನ್ನು ಗೊತ್ತುಪಡಿಸುವ ವ್ಯವಸ್ಥೆ ರೂಪುಗೊಂಡಿತು. ಮೊದಲು ಮೂತ್ರವನ್ನು ಪರೀಕ್ಷಿಸಿ ಮೈಯಲ್ಲಿ ಸಾಕಷ್ಟು ನೀರಿದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಕೊಬ್ಬನ್ನು ಅಳೆಯುತ್ತಾರೆ. ಕೊಬ್ಬು ಶೇಕಡಾ 5ಕ್ಕಿಂತ ಕೆಳಗಿಳಿಯುವಷ್ಟು ತೂಕ ಕಳೆಯಲು ಅನುಮತಿಯಿಲ್ಲ. ವಾರವೊಂದಕ್ಕೆ ದೇಹತೂಕದ ಶೇಕಡಾ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ.

ಈ ಲೆಕ್ಕವನ್ನು ಬಿಡಿಸಿ ನೋಡಬಹುದು. 71 ಕಿಲೋ ತೂಗುವ ಹುಡುಗನು 149 ಪೌಂಡಿನ, ಅಂದರೆ 67.6 ಕಿಲೋ ವರ್ಗಕ್ಕೆ ಇಳಿಯಬಯಸಿದರೆ ಸುಮಾರು 3.4 ಕಿಲೋ ಕಳೆಯಬೇಕು. ವಾರಕ್ಕೆ ಹೆಚ್ಚೆಂದರೆ ಒಂದು ಕಿಲೋದಷ್ಟು. ಆದ್ದರಿಂದ ಮೂರು ವಾರಗಳಿಗೂ ಮೀರಿದ ಕಾಲ ಬೇಕು. ಒಂದು ಕಿಲೋ ಕೊಬ್ಬು ಕರಗಲು ಸರಿಸುಮಾರು 7,700 ಕ್ಯಾಲೊರಿಗಳ ಕೊರತೆ, ಅಂದರೆ ದಿನಕ್ಕೆ 1,100 ಕ್ಯಾಲೊರಿ ಕಡಮೆ. ಅಷ್ಟು ಕೊರತೆಯಲ್ಲಿ ಅಭ್ಯಾಸವನ್ನೂ ಓದನ್ನೂ ಸಾಗಿಸುವುದು ಸುಲಭವಲ್ಲ. ಮಾರ್ಚಿನ ತೂಕದ ನಿರ್ಧಾರ ನವೆಂಬರಿನಲ್ಲಿಯೇ ಆಗಬೇಕೆಂಬುದರ ಮರ್ಮವಿದು.

ಇದರೊಡನೆ ಚರ್ಮದ ರಕ್ಷಣೆಯೂ ಮುಖ್ಯ. ಒಂದೇ ಚಾಪೆಯ ಮೇಲೆ ಮೈಗೆ ಮೈ ತಾಗುವಾಗ ಹುಳುಕಡ್ಡಿ, ಸರ್ಪಸುತ್ತಿನ ಜಾತಿಯ ಗುಳ್ಳೆಗಳು ಸುಲಭವಾಗಿ ಹರಡುತ್ತವೆ. ಪಂದ್ಯಕ್ಕೆ ಮುನ್ನ ಚರ್ಮ ಪರೀಕ್ಷೆ ನಡೆಯುತ್ತದೆ. ಅಂಟುವ ಸೋಂಕು ಕಂಡರೆ ಕಣಕ್ಕೆ ಪ್ರವೇಶವಿಲ್ಲ. ಅಭ್ಯಾಸದ ಬೆನ್ನಿಗೇ ಸ್ನಾನ, ಪ್ರತ್ಯೇಕ ಟವೆಲು, ದಿನವೂ ಒಗೆದ ಉಡುಪು, ಶುಚಿಯಾದ ಚಾಪೆ: ಇಷ್ಟರಿಂದಲೇ ಎಷ್ಟೋ ಅರ್ಹತೆಗಳು ಉಳಿಯುತ್ತವೆ.

ನಮಗೇನು ಪಾಠ?

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 50 ಕಿಲೋ ವರ್ಗದಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್, ಎರಡನೆಯ ದಿನದ ಬೆಳಗಿನ ತೂಕದಲ್ಲಿ ಕೇವಲ 100 ಗ್ರಾಂ ಹೆಚ್ಚು ತೂಗಿದ್ದರಿಂದ ಪದಕವನ್ನೇ ಕಳೆದುಕೊಂಡದ್ದನ್ನು ದೇಶವೆಲ್ಲ ನೋವಿನಿಂದ ನೋಡಿತು.

ಮಹಾನಗರಗಳಲ್ಲಿ ಇಂದು ನಮ್ಮ ಮಕ್ಕಳು ಕುಸ್ತಿ, ಜೂಡೋ, ಬಾಕ್ಸಿಂಗ್ ಕಲಿಯುತ್ತಿರುವುದು ಸಂತೋಷದ ಸಂಗತಿ. ಇವೆಲ್ಲವೂ ತೂಕದ ವರ್ಗಗಳುಳ್ಳ ಆಟಗಳು. ಸ್ಪರ್ಧೆಯ ಹಿಂದಿನ ದಿನ ಮಗು ನೀರು ಕುಡಿಯಲು ಹಿಂಜರಿದರೆ, ದಪ್ಪ ಉಡುಪು ತೊಟ್ಟು ಓಡತೊಡಗಿದರೆ, ಮೂತ್ರ ಕಡುಹಳದಿಯಾದರೆ, ತಲೆಸುತ್ತು ಬಂದರೆ ತಾಯಿತಂದೆಯರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಸಹಜ ಧರ್ಮ. ಅದನ್ನು ತಡೆಯುವ ಬದಲು ಮೇಲಿನ ವರ್ಗದಲ್ಲಿ ಸೆಣಸಲು ಬಿಡುವುದೇ ವಿವೇಕ. ಒಂದು ಪಂದ್ಯ ತಪ್ಪಿದರೆ ಮರುವರ್ಷ ಇನ್ನೊಂದು ಬಂದೀತು. ಕೆಟ್ಟ ಮೂತ್ರಪಿಂಡ, ನಿಂತ ಹೃದಯ ಮರಳಿ ಬಾರವು. ಗರಡಿಯ ಹಿರಿಯರು ಮೈ ತುಂಬಿಸುವುದನ್ನು ಕಲಿಸಿದರೇ ವಿನಾ ಮೈಯನ್ನು ಒಣಗಿಸುವುದನ್ನಲ್ಲ.