ಲಕ್ಷ ಕಟ್ಟಿದ ಎರಡನೇ ಕ್ಲಾಸಿನಲ್ಲಿ ಕಲಿಸೋದೇನು ಸ್ವಾಮಿ?

ಮೈಸೂರಿನ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. 'ಇಂಟರ್‌ನ್ಯಾಷನಲ್' ಎಂಬ ಪದ ಹೊತ್ತ ಬೋರ್ಡುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಒಂದು ಕಾಲಕ್ಕೆ ಲಾಡ್ಜಿಗೂ ಟೈಲರ್ ಅಂಗಡಿಗೂ ಶೋಭೆ ತರುತ್ತಿದ್ದ ಈ ಪದ ಈಗ ಶಾಲೆಯ ಗೇಟು ಹತ್ತಿ ಕೂತಿದೆ. ಬೆಳಿಗ್ಗೆ ಹಳದಿ ಬಸ್ಸಿಗೆ ಕಾದು ನಿಂತ ಏಳು ವರ್ಷದ ಪುಟಾಣಿಯನ್ನು "ಯಾವ ಕ್ಲಾಸು ಮರಿ?" ಅಂತ ಕೇಳಿದರೆ "ಗ್ರೇಡ್ ಟೂ ಅಂಕಲ್" ಅನ್ನುತ್ತದೆ. ನಮ್ಮ ನಿಮ್ಮ ಹಳೆಯ ಎರಡನೇ ಕ್ಲಾಸೇ ಅದು.

ಹೆಸರಾಂತ ಶಾಲೆಗಳಲ್ಲಿ ಆ ಎರಡನೇ ಕ್ಲಾಸಿಗೆ ವರ್ಷದ ಫೀಸು ಲಕ್ಷ ದಾಟುತ್ತದೆ. ಕಟ್ಟುವವರೆಲ್ಲ ದೊಡ್ಡ ಬಂಗಲೆಯವರೇ ಅಂತ ತಿಳಿಯಬೇಡಿ. ಕಿರಾಣಿ ಅಂಗಡಿಯವರಿದ್ದಾರೆ, ಗ್ಯಾರೇಜಿನವರಿದ್ದಾರೆ, ಚೀಟಿ ಎತ್ತಿ, ಹೆಂಡತಿಯ ಸರ ಅಡ ಇಟ್ಟು ಕಟ್ಟುವವರೂ ಇದ್ದಾರೆ. ಅಕ್ಕಿ ಮೂಟೆ ಕೊಳ್ಳುವಾಗ ಕೈ ಹಾಕಿ ಕಾಳು ನೋಡುವ ನಮ್ಮ ಜನ, ಶಾಲೆಯ ವಿಷಯಕ್ಕೆ ಬಂದರೆ ಮೂಟೆಯ ಮೇಲಿನ ಮುದ್ರೆ ನೋಡಿ ದುಡ್ಡು ಎಣಿಸುತ್ತಾರೆ. ಹಾಗಾದರೆ ಮೂಟೆ ಬಿಚ್ಚಿ ನೋಡೋಣ.

ಬೋರ್ಡು ಒಂದು, ಸಿಲಬಸ್ಸು ಬೇರೆ ಬೇರೆ

ಮೊದಲನೇ ಮಾತು: 'ಇಂಟರ್‌ನ್ಯಾಷನಲ್' ಅನ್ನೋದು ಶಾಲೆಯ ಹೆಸರು, ಪಠ್ಯದ ಹೆಸರಲ್ಲ. ಆ ಬೋರ್ಡಿನ ಕೆಳಗೆ ಸಿ.ಬಿ.ಎಸ್.ಇ. ಪಾಠವೇ ನಡೆಯುವ ಶಾಲೆಗಳು ಬೇಕಾದಷ್ಟಿವೆ. ಅಂಥ ಕಡೆ ಎನ್.ಸಿ.ಇ.ಆರ್.ಟಿ. ಪುಸ್ತಕ ಇಟ್ಟುಕೊಂಡಿದ್ದರೆ, 2023ರಲ್ಲಿ ಹೊಸದಾಗಿ ಬಂದ ಒಂದನೇ, ಎರಡನೇ ಕ್ಲಾಸಿನ ಪುಸ್ತಕಗಳೇ ಅಲ್ಲೂ ಇರುತ್ತವೆ. ಅವು ಭಾಷೆಗೂ ಗಣಿತಕ್ಕೂ ಮಾತ್ರ. ವಿಜ್ಞಾನಕ್ಕೆ, ಸಮಾಜಕ್ಕೆ ಅಂತ ಆ ವಯಸ್ಸಿಗೆ ಬೇರೆ ಪುಸ್ತಕವೇ ಇಲ್ಲ.

ನಿಜವಾಗಿ ಪರದೇಶದ ಪಠ್ಯ ಅಂತ ಇರೋದು ಮುಖ್ಯವಾಗಿ ಎರಡು. ಒಂದು ಇಂಗ್ಲೆಂಡಿನ ಕೇಂಬ್ರಿಡ್ಜಿನದು. ಇನ್ನೊಂದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐ.ಬಿ. ಸಂಸ್ಥೆಯದು. ಐ.ಬಿ.ಯವರು ಚಿಕ್ಕ ಮಕ್ಕಳಿಗಾಗಿ ಪಿ.ವೈ.ಪಿ. ಎಂಬ ಕ್ರಮ ಶುರು ಮಾಡಿದ್ದು 1997ರಲ್ಲಿ.

ಕೇಂಬ್ರಿಡ್ಜ್ ಕ್ರಮದ ಎರಡನೇ ಹಂತದಲ್ಲಿ ಮಗು ಕಲಿಯೋದು ಇಷ್ಟು: ನೂರರ ತನಕ ಸಂಖ್ಯೆ, ಕೂಡೋದು ಕಳೆಯೋದು, ಎರಡು, ಐದು, ಹತ್ತರ ಮಗ್ಗಿ, ಗಡಿಯಾರ ನೋಡೋದು. ವಿಜ್ಞಾನದಲ್ಲಿ ಕಲ್ಲು ಎಷ್ಟು ಬಗೆ, ಯಾವ ಪ್ರಾಣಿ ಎಲ್ಲಿ ವಾಸ ಮಾಡುತ್ತೆ, ಸೆಲ್ಲಿಗೂ ಬಲ್ಬಿಗೂ ವೈರು ಹಚ್ಚಿದರೆ ದೀಪ ಹೇಗೆ ಹತ್ತುತ್ತೆ. ಜೊತೆಗೆ ಇಂಗ್ಲಿಷಿನಲ್ಲಿ ಓದೋದು, ಬರೆಯೋದು, ನಾಲ್ಕು ಜನರೆದುರು ನಿಂತು ಮಾತಾಡೋದು.

ಐ.ಬಿ.ಯವರದು ಇನ್ನೊಂದು ದಾರಿ. ವಿಷಯ ವಿಷಯ ಅಂತ ಕತ್ತರಿಸದೆ ಆರು ದೊಡ್ಡ ಪ್ರಶ್ನೆ ಹಿಡಿದು ವರ್ಷವಿಡೀ ನಡೆಸುತ್ತಾರೆ. ನಾವು ಯಾರು, ನಾವಿರೋ ಜಾಗ ಮತ್ತು ಕಾಲ ಯಾವುದು, ಮನಸ್ಸಿನಲ್ಲಿರೋದನ್ನ ಹೇಗೆ ಹೇಳ್ತೀವಿ, ಲೋಕ ಹೇಗೆ ನಡೆಯುತ್ತೆ, ನಮ್ಮ ನಮ್ಮಲ್ಲಿ ವ್ಯವಸ್ಥೆ ಹೇಗೆ ಮಾಡಿಕೊಳ್ತೀವಿ, ಈ ಭೂಮಿಯನ್ನ ಹೇಗೆ ಹಂಚಿಕೊಳ್ತೀವಿ. 'ವ್ಯವಸ್ಥೆ' ಅಂತ ಇಟ್ಟುಕೊಳ್ಳಿ. ಮಾರುಕಟ್ಟೆಗೆ ಟೊಮೇಟೊ ಎಲ್ಲಿಂದ ಬಂತು, ಯಾರು ಬೆಳೆದರು, ಯಾರು ಸಾಗಿಸಿದರು ಅಂತ ಮಕ್ಕಳೇ ವಿಚಾರಿಸಿ ಚಿತ್ರ ಬರೆದು ಹೇಳಬಹುದು. ಲೆಕ್ಕವೂ ಅದರಲ್ಲೇ, ಭಾಷೆಯೂ ಅದರಲ್ಲೇ. ಈ ಹಂತದಲ್ಲಿ ಐ.ಬಿ. ಸಂಸ್ಥೆ ಮಕ್ಕಳಿಗೆ ಪರೀಕ್ಷೆ ಅಂತ ಇಡೋದೇ ಇಲ್ಲ.

ಕ್ರಮ ಚೆನ್ನಾಗಿದೆ, ಸಂಶಯವಿಲ್ಲ. ಆದರೆ ಒಂದು ಕ್ಷಣ ತಾಳಿ. ಇದು ನಮಗೆ ಹೊಸದೇ?

ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ

ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಒಂದು ಪ್ರಯೋಗ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು, ಯುನಿಸೆಫ್ ನೆರವಿನಿಂದ, ತಾವೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ ಸಿದ್ಧಪಡಿಸಿದ ಕ್ರಮ ಅದು. ಅದೇ 'ನಲಿ-ಕಲಿ'. 2009-10ರಿಂದ ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹರಡಿತು.

ನಲಿ-ಕಲಿ ಕೋಣೆಯಲ್ಲಿ ಸಾಲು ಬೆಂಚಿಲ್ಲ. ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ 'ಕಲಿಕಾ ಏಣಿ'. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದಲೇ ಅದರ ಕಾರ್ಡು. ಒಂದು ಗುಂಪಿಗೆ ಮೇಷ್ಟ್ರು, ಇನ್ನೊಂದು ಗುಂಪಿನಲ್ಲಿ ಗೊತ್ತಿದ್ದ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತೆ. ಅಕ್ಷರವನ್ನು ಅ ಆ ಇ ಈ ಅಂತ ಉರು ಹೊಡೆಸೋದಿಲ್ಲ. ರ, ಗ, ಸ, ದ, ಅ ಅಂತ ಶುರು. ಈ ಐದೇ ಅಕ್ಷರ ಬಂದರೆ ಮಗು ಸರ, ಅರಸ, ಗರಗಸ ಓದುತ್ತೆ. ಬೇಕಿದ್ದರೆ ನಮ್ಮೂರಿನ ದಸರವನ್ನೂ ಓದುತ್ತೆ! ಕಲಿತ ವಾರದಲ್ಲೇ ಓದಿದ ಖುಷಿ.

ಪರದೇಶದ ಶಾಲೆಯವರು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ 'ಮಗುವಿನ ವೇಗಕ್ಕೆ ತಕ್ಕ ಕಲಿಕೆ', 'ಮಾಡಿ ಕಲಿ' ಅಂತ ಹೇಳುತ್ತಾರಲ್ಲ, ಅದರ ತಿರುಳು ಕೋಟೆಯ ಹಳ್ಳಿ ಶಾಲೆಯಲ್ಲಿ ಪುಕ್ಕಟೆಯಾಗಿ, ಮಧ್ಯಾಹ್ನದ ಊಟದ ಸಮೇತ ಇತ್ತು.

ಹಾಗಂತ ಕಣ್ಣು ಮುಚ್ಚಿ ಹೊಗಳಬೇಕಿಲ್ಲ. ಮೂರು ಕ್ಲಾಸು ಒಂದೇ ಕೋಣೆಯಲ್ಲಿ, ಮೇಷ್ಟ್ರು ಒಬ್ಬರೇ. ಅವರು ಜನಗಣತಿಗೋ ಚುನಾವಣೆಗೋ ಹೋದರೆ ಏಣಿ ಅಲ್ಲೇ ನಿಲ್ಲುತ್ತೆ. ದುಡ್ಡಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಮಿತ, ಮೇಡಂ ಜೊತೆಗೆ ಇನ್ನೊಬ್ಬ ಸಹಾಯಕಿ, ಪುಸ್ತಕ ತುಂಬಿದ ಲೈಬ್ರರಿ, ಕೂಗಾಡದ ವಾತಾವರಣ ಸಿಗಬಹುದು. ಇಂಗ್ಲಿಷ್ ನಾಲಿಗೆಗೆ ಬೇಗ ಹೊರಳುತ್ತೆ. ತಂದೆತಾಯಿ ಲಕ್ಷ ಕೊಡೋದು ಇದಕ್ಕೇ, ತಪ್ಪೇನಿಲ್ಲ. ಆದರೆ ಇವೆಲ್ಲ ಅಲ್ಲಿ ಇದೆಯೋ ಇಲ್ಲವೋ ನೋಡಿ ಕೊಡಬೇಕು. ಬೋರ್ಡು ನೋಡಿ ಕೊಡೋದಲ್ಲ.

ಅಳತೆಗೋಲು ಇದೆ

ನೋಡೋದು ಹೇಗೆ? ಅದಕ್ಕೆ ಪಂಡಿತರಾಗಬೇಕಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ 'ನಿಪುಣ್ ಭಾರತ್' ಅಂತ ಒಂದು ಯೋಜನೆ ಹೊರಡಿಸಿ ಅಳತೆ ಕೊಟ್ಟಿತು. ಎರಡನೇ ಕ್ಲಾಸು ಮುಗಿಸಿದ ಮಗು ನಿಮಿಷಕ್ಕೆ 45ರಿಂದ 60 ಪದ ಅರ್ಥ ತಿಳಿದು ಓದಬೇಕು, 999ರ ತನಕ ಸಂಖ್ಯೆ ಓದಿ ಬರೆಯಬೇಕು, 99ರ ಒಳಗಿನ ಕಳೆಯುವ ಲೆಕ್ಕ ಮಾಡಬೇಕು. ಕನ್ನಡದ ಪದ ಉದ್ದ, ಆದ್ದರಿಂದ ಗಡಿಯಾರ ಹಿಡಿದು ಮಗುವನ್ನು ಹೆದರಿಸಬೇಡಿ. ಓದಿದ್ದೇನು ಅಂತ ಕೇಳಿದಾಗ ಕಥೆ ಹೇಳಿದರೆ ಸಾಕು.

ಅಂಗಡಿಯವರಿಗೆ ಇದು ಇನ್ನೂ ಸುಲಭ. ಗಲ್ಲಾಪೆಟ್ಟಿಗೆ ಹತ್ತಿರ ಕೂರಿಸಿಕೊಂಡು "ಮಗಾ, 63 ರೂಪಾಯಿ ಸಾಮಾನು, ನೂರರ ನೋಟು ಕೊಟ್ಟರು, ಚಿಲ್ಲರೆ ಎಷ್ಟು?" ಅಂತ ಕೇಳಿ. 37 ಅಂತ ಬಂತೋ, ಶಾಲೆ ಕೆಲಸ ಮಾಡಿದೆ. ಬರಲಿಲ್ಲವೋ, ಬೈಯಬೇಡಿ, ನೋಟು ಚಿಲ್ಲರೆ ಕೈಗೆ ಕೊಟ್ಟು ಎಣಿಸಲು ಬಿಡಿ. ದುಡ್ಡಿನ ಶಾಲೆಯಲ್ಲಿ ಪ್ಲಾಸ್ಟಿಕ್ ನಾಣ್ಯ ಇಟ್ಟು ಆಡಿಸೋ ಪಾಠವೇ ನಿಮ್ಮಲ್ಲಿ ಅಸಲಿ ನಾಣ್ಯದಲ್ಲಿ ಆಗುತ್ತೆ.

ತಕ್ಕಡಿಯೂ ಕೈಯಳತೆಯಲ್ಲೇ ಇದೆಯಲ್ಲ, ಬ್ಯಾಗು ತೂಗಿ ನೋಡಿ. ಕೇಂದ್ರದ 2020ರ ಶಾಲಾ ಬ್ಯಾಗು ನೀತಿಯ ಪ್ರಕಾರ ಎರಡನೇ ಕ್ಲಾಸಿನ ಮಗುವಿನ ಬ್ಯಾಗು ಹೆಚ್ಚೆಂದರೆ 2.2 ಕೆ.ಜಿ. ಎರಡನೇ ಕ್ಲಾಸಿನ ತನಕ ಹೋಂವರ್ಕೂ ಕೊಡಬಾರದು. ಐದು ಕೆ.ಜಿ. ಹೊರಿಸಿ, ರಾತ್ರಿ ಒಂಬತ್ತರ ತನಕ ಬರೆಸುವ ಶಾಲೆ ತನ್ನ ಹೆಸರಲ್ಲಿ ಏನೇ ಇಟ್ಟುಕೊಂಡಿರಲಿ, ಮಕ್ಕಳ ವಿಷಯದಲ್ಲಿ ಹಿಂದುಳಿದದ್ದೇ.

ಬಸ್ಸಿನ ಬೋರ್ಡು ಓದಲಾರದ ಮಗು

ಇನ್ನೊಂದು ಮಾತು, ಬಸ್ಸಿನಲ್ಲಿ ಓಡಾಡುವವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಪಟಪಟ ಮಾತಾಡೋ ಮಗುವಿಗೆ ಬಸ್ಸಿನ ಮುಂದಿನ 'ಚಾಮುಂಡಿ ಬೆಟ್ಟ' ಓದಲು ಬರದೆ, ಅದು ಅಜ್ಜಿಯನ್ನು ಕೇಳುತ್ತೆ. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗುವಿಗೆ ಕನ್ನಡ ಬಾರದು, ನಡುವೆ ಕಂಡಕ್ಟರೇ ದುಭಾಷಿ! ಶಾಲೆಯಲ್ಲಿ 'ನಾವು ಯಾರು' ಅಂತ ವಾರಗಟ್ಟಲೆ ಪಾಠ ನಡೆಯುತ್ತೆ. ಅದಕ್ಕೆ ಉತ್ತರ ಹೇಳಬೇಕಾದ ಅಜ್ಜಿಯ ಮಾತೇ ಮಗುವಿಗೆ ತಿಳಿಯದಿದ್ದರೆ ಪಾಠ ಕಾಗದದ ಮೇಲೆ ಮುಗಿಯಿತು.

ಕನ್ನಡ ಭಾಷಾ ಕಲಿಕೆ ಕಾಯ್ದೆ ಅಂತ 2015ರಲ್ಲೇ ಆಯಿತು. ರಾಜ್ಯದ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಹಂತಹಂತವಾಗಿ ಕನ್ನಡ ಕಲಿಸಬೇಕು ಅಂತ ಅದರಲ್ಲಿದೆ. ಕಾಯ್ದೆ ಪುಸ್ತಕದಲ್ಲಿರುತ್ತೆ. ವಾರಕ್ಕೆ ಎಷ್ಟು ಪಿರಿಯಡ್ಡು, ಕಲಿಸುವವರು ಯಾರು ಅಂತ ವಿಚಾರಿಸೋದು ತಂದೆತಾಯಿಯ ಕೆಲಸ.

ಅಡ್ಮಿಷನ್ನಿಗೆ ಹೋದಾಗ ಎ.ಸಿ. ರೂಮು, ಈಜುಕೊಳ ತೋರಿಸುತ್ತಾರೆ, ನೋಡಿ ಬನ್ನಿ. ಆಮೇಲೆ ಈ ಐದು ಮಾತು ಕೇಳಿ: ನಿಮ್ಮದು ಯಾವ ಸಿಲಬಸ್ಸು, ಮಾನ್ಯತೆ ಪತ್ರ ತೋರಿಸಿ. ಒಂದು ಕ್ಲಾಸಿಗೆ ಮಕ್ಕಳೆಷ್ಟು? ಕಳೆದ ವರ್ಷದ ಮೇಡಂ ಈ ವರ್ಷವೂ ಇದ್ದಾರಾ? ಕನ್ನಡ ವಾರಕ್ಕೆ ಎಷ್ಟು ಹೊತ್ತು? ಓದಲು ಹಿಂದೆ ಬಿದ್ದ ಮಗುವಿಗೆ ಶಾಲೆಯಲ್ಲೇ ಏನು ಮಾಡ್ತೀರಿ, ಇಲ್ಲ ಟ್ಯೂಷನ್ನಿಗೆ ಕಳಿಸಿ ಅಂತೀರಾ?

ಸರ್ಕಾರಿ ಶಾಲೆಗೆ ಕಳಿಸುವವರೂ ಇದನ್ನೇ ಕೇಳಬಹುದು, ಎಸ್.ಡಿ.ಎಂ.ಸಿ. ಸಭೆ ಇರೋದು ಅದಕ್ಕೇ. ಫೀಸು ಕಟ್ಟುವವರು ಮಾತ್ರ ಕಟ್ಟುವ ಮುಂಚೆಯೇ ಕೇಳಿ. ಕಟ್ಟಿದ ಮೇಲೆ ಕೇಳಿದರೆ ರಸೀದಿ ತೋರಿಸ್ತಾರೆ ಅಷ್ಟೆ.