ನೆಲಮಾಳಿಗೆಗೆ ಯಾವ ನೆಲಹಾಸು? ಮೊದಲು ತೇವದ ಮೂಲ ತಿಳಿಯಿರಿ

ನಗರಗಳಲ್ಲಿ ನಿವೇಶನದ ಬೆಲೆ ಏರುತ್ತಿದ್ದಂತೆ ಮನೆ ಕಟ್ಟಿಸುವವರ ದೃಷ್ಟಿ ನೆಲದ ಕೆಳಗೂ ಹರಿದಿದೆ. ಮೂವತ್ತು–ನಲವತ್ತು ಅಡಿ ನಿವೇಶನದಲ್ಲಿ ಕಾರು ನಿಲ್ಲಿಸಲೆಂದು ತೋಡಿದ ನೆಲಮಾಳಿಗೆಯ ಒಂದು ಭಾಗ ಕ್ರಮೇಣ ಉಗ್ರಾಣವಾಗುತ್ತದೆ, ಇನ್ನೊಂದು ಭಾಗ ವ್ಯಾಯಾಮದ ಕೋಣೆಯೋ ಹೋಮ್ ಥಿಯೇಟರೋ ಆಗುತ್ತದೆ. ಆಗ ಏಳುವ ಪ್ರಶ್ನೆಯೇ ನೆಲಹಾಸಿನದು. ಬಹುತೇಕರು ಮೇಲಿನ ಅಂತಸ್ತಿಗೆ ಆರಿಸಿದ್ದನ್ನೇ ಕೆಳಗೂ ಹಾಸಿಬಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮರದ ಹಲಗೆ ಉಬ್ಬುತ್ತದೆ, ಟೈಲ್ಸ್ ಸಂದಿನಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ, ಕೋಣೆಯ ಬಾಗಿಲು ತೆರೆದರೆ ಮುಗ್ಗಲು ವಾಸನೆ ಬರುತ್ತದೆ. ಆಗ ದೂರು ಹೋಗುವುದು ಟೈಲ್ಸ್ ಮಾರಿದವರ ಮೇಲೆ. ಆದರೆ ತಪ್ಪು ಟೈಲ್ಸಿನದಲ್ಲ; ಅದರ ಕೆಳಗಿನ ನೀರಿನದು.

ನೆಲಮಾಳಿಗೆಯ ಸ್ವಭಾವ

ಮೇಲಿನ ಅಂತಸ್ತಿನ ನೆಲದ ಕೆಳಗೆ ಗಾಳಿ ಇರುತ್ತದೆ. ನೆಲಮಾಳಿಗೆಯ ಕೆಳಗೆ ಮತ್ತು ಸುತ್ತ ಮಣ್ಣು ಇರುತ್ತದೆ. ಕಾಂಕ್ರೀಟ್ ನೋಡಲು ಗಟ್ಟಿಯಾದರೂ ಅದರೊಳಗೆ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಈ ರಂಧ್ರಗಳು ಮಣ್ಣಿನ ತೇವವನ್ನು ಎಳೆದುಕೊಳ್ಳುತ್ತವೆ. ಆ ತೇವ ಕಾಂಕ್ರೀಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಮೇಲೆ ಬಂದು ಆರುತ್ತದೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಟೈಲ್ಸ್ ಸಂದಿನಲ್ಲಿ ಕಾಣುವ ಬಿಳಿ ಪುಡಿ ಇದೇ.

ನೀರು ನೆಲಮಾಳಿಗೆಗೆ ಬರುವ ದಾರಿ ಒಂದೇ ಅಲ್ಲ. ಮೊದಲನೆಯದು ಮೇಲೆ ಹೇಳಿದ ತೇವ. ಎರಡನೆಯದು, ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ಕುಡಿದು ತುಂಬಿದಾಗ ಉಂಟಾಗುವ ಒತ್ತಡ. ಗೋಡೆ ಮತ್ತು ನೆಲ ಕೂಡುವ ಅಂಚಿನಲ್ಲಿ ನೀರು ಜಿನುಗುವುದು ಇದರಿಂದ. ಮೂರನೆಯದು, ರಸ್ತೆಯ ಮಳೆನೀರು ಇಳಿಜಾರಿನ ಮೂಲಕ ನೇರವಾಗಿ ಒಳನುಗ್ಗುವುದು. ನಾಲ್ಕನೆಯದು, ಪಕ್ಕದಲ್ಲೇ ಇರುವ ನೀರಿನ ಸಂಪ್ ಅಥವಾ ಒಳಚರಂಡಿ ಕೊಳವೆಯ ಸೋರಿಕೆ. ಐದನೆಯದು ಗಾಳಿಯಲ್ಲಿನ ತೇವ. ತಂಪಾದ ನೆಲವನ್ನು ಸೋಕಿದ ಆರ್ದ್ರ ಗಾಳಿ ಹನಿಗಟ್ಟುತ್ತದೆ. ಐದಕ್ಕೂ ಪರಿಹಾರ ಬೇರೆ ಬೇರೆ. ಯಾವ ನೆಲಹಾಸೂ ಈ ಐದನ್ನೂ ತಾನಾಗಿ ತಡೆಯಲಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ತೇವದ ಮೂಲ ತಿಳಿಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಸುಮಾರು ಒಂದೂವರೆ ಅಡಿ ಚದರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟ್ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಬೇಕು. ಒಂದು ದಿನ ಬಿಟ್ಟು ನೋಡಿದಾಗ ಹಾಳೆಯ ಕೆಳಭಾಗದಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದಿಂದಲೇ ಬರುತ್ತಿದೆ ಎಂದರ್ಥ. ಹನಿಗಳು ಹಾಳೆಯ ಮೇಲ್ಭಾಗದಲ್ಲಿದ್ದರೆ ದೋಷ ಗಾಳಿ ಸಂಚಾರದ್ದು. ಕೋಣೆಯ ಮೂರ್ನಾಲ್ಕು ಕಡೆ, ಅದರಲ್ಲೂ ಮೂಲೆಗಳ ಬಳಿ, ಈ ಪರೀಕ್ಷೆ ಮಾಡುವುದು ಒಳಿತು.

ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ನೆಮ್ಮದಿ ಕೊಟ್ಟೀತು, ಸತ್ಯ ಹೇಳದು. ಬೆಂಗಳೂರಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್, ಕರಾವಳಿಯಲ್ಲಿ ಜುಲೈ–ಆಗಸ್ಟ್ ಇದಕ್ಕೆ ತಕ್ಕ ಕಾಲ. ಹೊಸ ಮನೆಯಾದರೆ ಒಂದು ಮಳೆಗಾಲ ಕಳೆಯುವವರೆಗೆ ನೆಲವನ್ನು ಬರಿಯ ಕಾಂಕ್ರೀಟಿನಲ್ಲೇ ಬಿಡುವುದು ಜಾಣತನ. ಹೊಸ ಕಾಂಕ್ರೀಟಿನೊಳಗಿನ ನೀರು ಆರಲು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡ ಕೆಲಸದವರ ಸ್ಥೂಲ ಲೆಕ್ಕ.

ಊರಿಗೊಂದು ಮಣ್ಣು

ಕರ್ನಾಟಕದ ಎಲ್ಲ ಊರುಗಳಿಗೂ ಒಂದೇ ಉತ್ತರ ಸಲ್ಲದು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್; ಮಂಗಳೂರಿನದು ಅದರ ಮೂರು ಪಟ್ಟಿಗೂ ಅಧಿಕ. ಕರಾವಳಿಯ ಜಂಬಿಟ್ಟಿಗೆ ಮಣ್ಣು ನೀರನ್ನು ಸುಲಭವಾಗಿ ಹಾಯಗೊಡುವುದರಿಂದ ಅಲ್ಲಿ ಗೋಡೆಗಳ ಮೇಲಿನ ಒತ್ತಡವೇ ಮುಖ್ಯ ಚಿಂತೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಭಾಗದ ಎರೆಮಣ್ಣಿನ ಗುಣವೇ ಬೇರೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅಂಥ ಮಣ್ಣಿನ ಮೇಲಿನ ನೆಲ ಅಲುಗಾಡುವುದರಿಂದ ಉದ್ದಕ್ಕೂ ಏಕವಾಗಿ ಎರೆದ ಗಾರೆ ನೆಲ ಸೀಳು ಬಿಡುವ ಸಂಭವ ಹೆಚ್ಚು. ಸಂದು ಬಿಟ್ಟು ಹಾಸಿದ ಕಲ್ಲು ಅಲ್ಲಿ ಹೆಚ್ಚು ಕಾಲ ಬಾಳುತ್ತದೆ. ಒಂದು ಕಲ್ಲು ಅಲುಗಿದರೆ ಅದನ್ನಷ್ಟೇ ಎತ್ತಿ ಕೂರಿಸಬಹುದು.

ಯಾವುದು ತಕ್ಕದ್ದು?

ಶಹಾಬಾದ್ ಮತ್ತು ಕೋಟಾ ಕಲ್ಲು: ಕಲಬುರಗಿ ಜಿಲ್ಲೆಯ ಶಹಾಬಾದಿನದೂ ರಾಜಸ್ಥಾನದ ಕೋಟಾದ್ದೂ ಸುಣ್ಣಕಲ್ಲಿನ ಜಾತಿಯವು. ತೇವ ಸಹಿಸುತ್ತವೆ, ಬೆಲೆಯೂ ಹೆಚ್ಚಲ್ಲ. ಶಹಾಬಾದ್ ಕಲ್ಲಿಗೂ ನೆಲಮಾಳಿಗೆಗೂ ಹಳೆಯ ನಂಟು ಇದೆ. ಪಾಯದ ಕೆಳಗೆ ಮತ್ತು ಗೋಡೆಗಳ ಹೊರಗೆ ಈ ಕಲ್ಲನ್ನು ಪೆಟ್ಟಿಗೆಯಂತೆ ಸುತ್ತುವರಿಸಿ ಗಾರೆ ತುಂಬಿ ನೀರು ತಡೆಯುವ ಪದ್ಧತಿ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಒಂದು ಎಚ್ಚರಿಕೆ: ಸುಣ್ಣಕಲ್ಲಿಗೆ ಆಮ್ಲ ಆಗದು. ಶೌಚಾಲಯ ತೊಳೆಯುವ ಆಮ್ಲಯುಕ್ತ ದ್ರಾವಣ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ.

ಗ್ರಾನೈಟ್: ಇಳಕಲ್, ಚಾಮರಾಜನಗರದ ಗ್ರಾನೈಟು ಗಟ್ಟಿತನಕ್ಕೆ ಹೆಸರಾದುದು. ಕಾರು ನಿಲ್ಲುವ ಜಾಗಕ್ಕೆ ಒರಟು ಮುಖದ ಗ್ರಾನೈಟ್ ಅತ್ಯುತ್ತಮ. ನುಣುಪು ಮಾಡಿದ್ದು ಒದ್ದೆಯಾದಾಗ ಜಾರುವುದರಿಂದ ಇಳಿಜಾರಿಗೂ ಮೆಟ್ಟಿಲಿಗೂ ಅದು ಬೇಡ.

ಟೈಲ್ಸ್: ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತನ್ನ ತೂಕದ ಶೇ 0.5ಕ್ಕಿಂತ ಕಡಿಮೆ; ಸಾಮಾನ್ಯ ಸೆರಾಮಿಕ್ ಟೈಲ್ಸ್ ಇದರ ಹಲವು ಪಟ್ಟು ಹೀರುತ್ತದೆ. ಆದ್ದರಿಂದ ನೆಲಮಾಳಿಗೆಗೆ ಒರಟು ಮುಖದ ವಿಟ್ರಿಫೈಡ್ ಸೂಕ್ತ. ಆದರೆ ಟೈಲ್ಸ್ ನೀರು ಹೀರದಿದ್ದರೂ ಸಂದು ಹೀರುತ್ತದೆ. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸುವುದು, ಕೆಳಗೆ ಪೊಳ್ಳು ಉಳಿಯದಂತೆ ಪೂರ್ತಿ ಅಂಟು ಹಚ್ಚಿಸುವುದು ಅಗತ್ಯ. ಕೆಲಸ ಮುಗಿದ ಮೇಲೆ ನಾಣ್ಯದಿಂದ ಬಡಿದು ಪೊಳ್ಳು ಶಬ್ದ ಬರುವ ಟೈಲ್ಸನ್ನು ಬದಲಾಯಿಸಿಕೊಳ್ಳಬೇಕು.

ರೆಡ್ ಆಕ್ಸೈಡ್: ಹಳೆಯ ಮನೆಗಳ ಈ ತಂಪು ನೆಲ ಮತ್ತೆ ಬೇಡಿಕೆ ಪಡೆದಿದೆ. ಸಂದಿಲ್ಲದಿರುವುದು ಇದರ ಗುಣ; ಕೆಳಗಿನ ನೆಲ ಕದಲಿದರೆ ಸೀಳುವುದು, ತೇವ ಏರಿದರೆ ಬಿಳಿ ಕಲೆ ಮೂಡುವುದು ಇದರ ದೋಷ. ಒಣ ನೆಲ ಮತ್ತು ನುರಿತ ಗಾರೆ ಕೆಲಸದವರು ಎರಡೂ ಇದ್ದರೆ ಮಾತ್ರ ಆರಿಸಬಹುದು.

ಎಪಾಕ್ಸಿ ಲೇಪನ: ಎಣ್ಣೆ ಕಲೆ ಹಿಡಿಯದು, ಒರೆಸುವುದು ಸುಲಭ. ಆದರೆ ಒದ್ದೆ ಕಾಂಕ್ರೀಟಿನ ಮೇಲೆ ಬಳಿದರೆ ಕೆಳಗಿನ ತೇವ ಹೊರಬರಲು ದಾರಿಯಿಲ್ಲದೆ ಲೇಪನವನ್ನೇ ಗುಳ್ಳೆಯಂತೆ ಎಬ್ಬಿಸುತ್ತದೆ.

ವಿನೈಲ್: ಹಲಗೆ ನೀರಿಗೆ ಕೆಡದು. ಆದರೆ ಅದರಡಿ ಸಿಕ್ಕಿಬಿದ್ದ ತೇವ ಅಂಟನ್ನು ಸಡಿಲಿಸಿ ಬೂಷ್ಟಿಗೆ ಆಸರೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ಗೆದ್ದ ನೆಲಕ್ಕೆ ಮಾತ್ರ ಇದು.

ಮರ, ಲ್ಯಾಮಿನೇಟ್, ಕಾರ್ಪೆಟ್: ಒತ್ತಿದ ಮರದ ಪುಡಿಯ ಲ್ಯಾಮಿನೇಟ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮೊದಲಿನಂತಾಗದು. ಮರಕ್ಕೆ ತೇವದ ಜೊತೆ ಗೆದ್ದಲಿನ ಕಾಟ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಆಸ್ತಮಾ ಇರುವ ಮನೆಗೆ ತರವಲ್ಲ. ಬೆಚ್ಚನೆಯ ನೆಲ ಬೇಕೇಬೇಕೆಂದರೆ ಕಲ್ಲಿನ ಮೇಲೆ ಎತ್ತಿ ಒಣಗಿಸಬಹುದಾದ ಚಾಪೆ, ಜಮಖಾನೆ ಸಾಕು.

ಹಾಸುವ ಮುನ್ನ

ನೆಲವನ್ನು ಸಮತಟ್ಟು ಮಾಡದೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟು, ಮೂಲೆಯ ಗುಂಡಿಗೆ ನೀರು ಹರಿಯುವಂತೆ ಮಾಡಬೇಕು. ಗುಂಡಿಯಲ್ಲಿ ನೀರು ಏರಿದೊಡನೆ ತಾನೇ ಚಾಲೂ ಆಗುವ ಪಂಪ್ ಇರಲಿ. ಕಾರು ಇಳಿಯುವ ದಾರಿಯ ಮೇಲ್ತುದಿಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು, ಕೆಳತುದಿಯಲ್ಲಿ ಜಾಲರಿ ಮುಚ್ಚಿದ ಚರಂಡಿ ಇದ್ದರೆ ರಸ್ತೆ ನೀರು ಒಳಬರುವುದು ಬಹುಪಾಲು ನಿಲ್ಲುತ್ತದೆ. ಹೊರಗಿನಿಂದ ನೀರು ತಡೆಯುವ ಕೆಲಸ ಕಟ್ಟುವಾಗಲೇ ಆಗಬೇಕು. ಕಟ್ಟಿದ ನಂತರ ಒಳಗಿನಿಂದ ಮಾಡುವ ಲೇಪನ, ಬಿರುಕಿಗೆ ರಾಸಾಯನಿಕ ತುಂಬುವುದು ಎರಡನೆಯ ದರ್ಜೆಯ ಪರಿಹಾರಗಳೇ.

ನೆಲಮಾಳಿಗೆಯ ನೀರು ಕೇವಲ ನೆಲಹಾಸು ಕೆಡಿಸುವ ವಿಷಯವಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಅನೇಕ ನೆಲಮಾಳಿಗೆಗಳು ಮುಳುಗಿದವು. 2024ರ ಜುಲೈನಲ್ಲಿ ದೆಹಲಿಯ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಅಪಾರ್ಟ್‌ಮೆಂಟಿಗೆ ನುಗ್ಗಿದ ನೀರನ್ನು ಹೊರಹಾಕಲು ಯತ್ನಿಸುವಾಗ ವಿದ್ಯುತ್ ತಗುಲಿ ಇಬ್ಬರು ಮೃತಪಟ್ಟರು, ಅವರಲ್ಲೊಬ್ಬ ಬಾಲಕ. ಆದ್ದರಿಂದ ಸ್ವಿಚ್ ಬೋರ್ಡುಗಳು ಎತ್ತರದಲ್ಲಿರಬೇಕು, ಸೋರಿಕೆ ವಿದ್ಯುತ್ ಕಡಿತಗೊಳಿಸುವ ಸಾಧನ ಇರಬೇಕು, ಮುಖ್ಯ ಸ್ವಿಚ್ ಮೇಲಿನ ಅಂತಸ್ತಿನಲ್ಲಿರಬೇಕು. ನೀರು ನಿಂತ ನೆಲಮಾಳಿಗೆಗೆ ವಿದ್ಯುತ್ ಕಡಿತ ಮಾಡದೆ ಯಾರೂ ಇಳಿಯಕೂಡದು. ಕಟ್ಟಡ ನಿಯಮಗಳು ನೆಲಮಾಳಿಗೆಯ ಬಳಕೆಗೆ ಮಿತಿ ಹಾಕಿವೆ. ಅದನ್ನು ಮಲಗುವ ಕೋಣೆಯಾಗಿಸುವ ಯೋಚನೆಯನ್ನು ಬಿಡುವುದೇ ಲೇಸು.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ನೀರಿನ ದಾರಿ ಮುಚ್ಚಿಸಿ, ಅನಂತರ ಒಳಬಂದ ನೀರು ಹೊರಹೋಗುವ ದಾರಿ ಮಾಡಿ, ಒಂದು ಮಳೆಗಾಲ ಕಾದು ಪರೀಕ್ಷಿಸಿ, ಕೊನೆಗೆ ಅಂಗಡಿಗೆ ಹೋಗಿ. ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ನೀರು ತಡೆಯಲು ಹೆಚ್ಚು, ಹಾಸಲು ಕಡಿಮೆ ವ್ಯಯಿಸಿ. ಒಣ ನೆಲದ ಮೇಲೆ ಅಗ್ಗದ ಶಹಾಬಾದ್ ಕಲ್ಲು ಎರಡು ತಲೆಮಾರು ಬಾಳುತ್ತದೆ; ಒದ್ದೆ ನೆಲದ ಮೇಲೆ ಎಂಥ ದುಬಾರಿ ಹಲಗೆಯೂ ಎರಡು ಮಳೆಗಾಲ ಉಳಿಯದು.