ಕೆಲಸ ಕಸಿದದ್ದು ಚೀನಾ ಒಂದೇ ಅಲ್ಲ

ಪುಣೆ ಹತ್ತಿರದ ಚಾಕಣ್‌ನಲ್ಲಿ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ನನಗೆ ಕೆಲಸ. ವಾರಕ್ಕೆರಡು ಸಂಜೆ ಅಮೆರಿಕದ ಕಚೇರಿಯವರ ಜತೆ ಕಾಲ್ ಇರುತ್ತದೆ. ಆ ಕಡೆಯ ಸಹೋದ್ಯೋಗಿ ಉತ್ತರ ಕೆರೊಲಿನಾದ ಹಿಕರಿ ಊರಿನವರು. ಮಂಚ, ಕುರ್ಚಿ, ಸೋಫಾಗಳಿಗೆ ಹೆಸರಾದ ಸೀಮೆ ಅದು. ಅವರ ತಂದೆ ಅಂಥದೇ ಕಾರ್ಖಾನೆಯಲ್ಲಿದ್ದು, ಅದು ಮುಚ್ಚಿದ ಮೇಲೆ ಮನೆಯಲ್ಲಿ ಕೂತರು. ಸುಂಕದ ಮಾತು ಬಂದಾಗಲೆಲ್ಲ ಅವರು ಹೇಳುವುದು ಒಂದೇ: "ನಮ್ಮ ಊರನ್ನು ಚೀನಾ ತಿಂದುಹಾಕಿತು."

ಅವರ ನೋವು ಸುಳ್ಳಲ್ಲ. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.7 ಕೋಟಿ ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಅದು 1.15 ಕೋಟಿಗೆ ಇಳಿದಿತ್ತು. ಇದರಲ್ಲಿ ಯಂತ್ರಗಳ ಪಾಲೂ ಇದೆ, 2008ರ ಕುಸಿತದ ಪಾಲೂ ಇದೆ. ಚೀನಾ ಆಮದಿನಿಂದ ಹೋದ ಕೆಲಸಗಳು 1999ರಿಂದ 2011ರೊಳಗೆ 20ರಿಂದ 24 ಲಕ್ಷ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಜತೆಗಾರರು ಅಂದಾಜಿಸಿದ್ದಾರೆ. ಕೆಲಸ ಹೋದವರು ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾರೆ ಎಂಬುದು ಪುಸ್ತಕದ ಲೆಕ್ಕ. ಬಹಳ ಮಂದಿ ಹೋಗಲಿಲ್ಲ. ಊರು ಬಿಟ್ಟು ಬಂದ ನಮಗೆ ಇದು ವಿಚಿತ್ರ ಅನಿಸಬಹುದು. ಐವತ್ತು ದಾಟಿದ, ಮನೆ ಸಾಲ ತೀರದ ಯಾರನ್ನಾದರೂ ಕೇಳಿ ನೋಡಿ.

ಚೀನಾದ ತಪ್ಪಿಲ್ಲವೇ? ಇದೆ. 2005ರ ಜುಲೈವರೆಗೂ ಡಾಲರಿಗೆ ಸುಮಾರು 8.28 ಯುವಾನ್ ಎಂದು ದರ ಕಟ್ಟಿಹಾಕಿ ತನ್ನ ಸರಕನ್ನು ಅಗ್ಗವಾಗಿಸಿಕೊಂಡಿತು. ಆದರೆ ಬಾಗಿಲು ತೆರೆದದ್ದು ವಾಷಿಂಗ್ಟನ್. 2000ದಲ್ಲಿ ಅಮೆರಿಕದ ಕೆಳಮನೆ 237-197 ಮತಗಳಿಂದ ಚೀನಾಕ್ಕೆ ಕಾಯಂ ವ್ಯಾಪಾರ ಸ್ಥಾನ ಕೊಡಲು ಒಪ್ಪಿತು. ಎರಡೂ ಪಕ್ಷದವರು ಕೈಯೆತ್ತಿದರು, ಕ್ಲಿಂಟನ್ ಸಹಿ ಹಾಕಿದರು. ಸುಂಕವೇನೂ ಆಗ ಇಳಿಯಲಿಲ್ಲ. ಕಡಿಮೆ ಸುಂಕವನ್ನು ಪ್ರತಿ ವರ್ಷ ನವೀಕರಿಸುತ್ತಾರೋ ಇಲ್ಲವೋ ಎಂಬ ಭಯ ಹೋಯಿತು, ಅಷ್ಟೆ. ಖರೀದಿಯವನಾಗಿ ಹೇಳುತ್ತೇನೆ, ಅಷ್ಟೇ ಸಾಕು. ಬೆಲೆಗಿಂತ ಅನಿಶ್ಚಿತತೆಗೆ ನಾವು ಹೆಚ್ಚು ಹೆದರುತ್ತೇವೆ. ಅದು ಹೋದ ದಿನ ಇಲ್ಲಿನ ಅಚ್ಚುಗಳನ್ನು ಹಡಗಿಗೆ ಹಾಕಿ ಕಳಿಸುವ ಧೈರ್ಯ ಬರುತ್ತದೆ.

ಅಗ್ಗದ ಸರಕಿನ ಲಾಭ ಇಡೀ ದೇಶಕ್ಕೆ ಹಂಚಿಹೋಯಿತು, ನಷ್ಟ ಕೆಲವು ಊರುಗಳ ಮೇಲೆ ಬಿತ್ತು. ಅದನ್ನು ತುಂಬಿಕೊಡುವ ಯೋಜನೆ 1962ರಿಂದಲೇ ಇತ್ತು. ಪೆಟ್ಟು ತಿಂದ ಊರುಗಳಿಗೆ ಅದರಿಂದ ಸಿಕ್ಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಅಂಗವೈಕಲ್ಯ ಪಿಂಚಣಿಯಾಗಿ ಹೋಯಿತು. 2022ರ ಜುಲೈನಲ್ಲಿ ಆ ಯೋಜನೆಯ ಅವಧಿಯನ್ನೂ ಮುಗಿಯಲು ಬಿಟ್ಟರು. ನನ್ನ ಮಟ್ಟಿಗೆ ದೊಡ್ಡ ತಪ್ಪು ಇಲ್ಲಿದೆ.

ಸುಂಕ ಹಾಕಿದರೆ ಸರಿಹೋಗುತ್ತದೆಯೇ? ಹಿಕರಿಯವರಿಗೇ ಗೊತ್ತಿರುವ ಕಥೆ: ಚೀನಾದ ಮಲಗುವ ಕೋಣೆಯ ಮರದ ಪೀಠೋಪಕರಣಗಳ ಮೇಲೆ 2005ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಿತ್ತು. ಆರ್ಡರುಗಳು ವಿಯೆಟ್ನಾಮಿಗೆ ಹೋದವು. ಸುಂಕದ ಹಣದಲ್ಲಿ ಪಾಲು ಸಿಕ್ಕಿದ್ದು ದೂರು ಕೊಟ್ಟ ಕಂಪನಿಗಳಿಗೆ, ಕೆಲಸ ಕಳೆದುಕೊಂಡವರಿಗಲ್ಲ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಿಂದ ನಾವು ಕಾಸ್ಟಿಂಗ್ ತರಿಸುತ್ತಿದ್ದೆವು. ಸಾಗಣೆ, ವಿಮೆ, ಸುಂಕ ಎಲ್ಲ ಸೇರಿಸಿದರೂ ಚೀನಾದ್ದೇ ಅಗ್ಗ ಎಂದು ಹಾಳೆ ತಯಾರಿಸಿದವನು ನಾನು. ಫೌಂಡ್ರಿಯ ಮಾಲೀಕರು ಫೋನ್ ಮಾಡಿದರು.

"ನಮ್ಮ ಮಾಲಿನ್ಯಾಗ ಏನರ ತಪ್ಪು ಸಿಕ್ತೇನ್ರಿ ಸರ?"

"ತಪ್ಪಿಲ್ರಿ. ಮ್ಯಾಲಿನವರ ನಿರ್ಧಾರ" ಎಂದೆ.

ಮೊನ್ನೆ ಕಾಲ್ ಮುಗಿಯುವ ಮುಂಚೆ ಇದನ್ನು ಹಿಕರಿಯವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದರು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬೆಳಗಾವಿಗೆ ಫೋನ್ ಮಾಡಿ ಕೇಳಬೇಕು. ಇನ್ನೂ ಮಾಡಿಲ್ಲ.